ಅರವತ್ತು ಸಾವಿರದೊಳಗೆ ಮಗನಿಗೊಂದು ಗೇಮಿಂಗ್ ಕಂಪ್ಯೂಟರ್: ಈ ಕೊಟೇಶನ್ ನಂಬಬಹುದೇ?

ಡೊಂಬಿವಲಿ ಪೂರ್ವ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಹನ್ನೊಂದನೆಯ ತರಗತಿಯಲ್ಲಿ ಓದುತ್ತಿರುವ ಮಗನಿಗೆ, ಆಟಕ್ಕೂ ಮುಂದೆ ಎಂಜಿನಿಯರಿಂಗ್ ಓದಿಗೂ ಒದಗುವಂಥ ಕಂಪ್ಯೂಟರೊಂದನ್ನು ಅಸೆಂಬಲ್ ಮಾಡಿಸಿಕೊಡುವುದಾಗಿ ಮಾತು ಕೊಟ್ಟಿದ್ದೇನೆ. ಮಾನಿಟರ್ ಸೇರಿ ಅರವತ್ತು ಸಾವಿರ ರೂಪಾಯಿ ದಾಟುವಂತಿಲ್ಲ. ಕೀಬೋರ್ಡ್ ಮತ್ತು ಮೌಸ್ ಮನೆಯಲ್ಲಿವೆ. ಅವನು ಈಗ ಫೋನಿನಲ್ಲಿ ಬಿಜಿಎಂಐ ಆಡುತ್ತಾನೆ. ಕಂಪ್ಯೂಟರ್ ಬಂದ ಮೇಲೆ ಅದರ ಜೊತೆಗೆ ವ್ಯಾಲೊರಂಟ್ ಮತ್ತು ಜಿಟಿಎ 5 ಆಡಬೇಕೆಂಬುದು ಅವನ ಆಸೆ.

ಕಳೆದ ವಾರ ಗ್ರಾಂಟ್ ರೋಡಿನಲ್ಲಿ ಇಳಿದು, ಲ್ಯಾಮಿಂಗ್ಟನ್ ರೋಡಿನ ಒಂದು ಅಂಗಡಿಯಲ್ಲಿ ಕೊಟೇಶನ್ ಬರೆಸಿಕೊಂಡು ಬಂದೆ. ಚೀಟಿಯಲ್ಲಿರುವುದನ್ನು ಹಾಗೆಯೇ ಇಲ್ಲಿ ಬರೆಯುತ್ತೇನೆ: ‘ಐ7 ಪ್ರೊಸೆಸರ್, ಎಚ್61 ಬೋರ್ಡ್, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, 4 ಜಿಬಿ ಗ್ರಾಫಿಕ್ಸ್ ಕಾರ್ಡ್, ಆರ್‌ಜಿಬಿ ಗೇಮಿಂಗ್ ಕ್ಯಾಬಿನೆಟ್ ವಿತ್ ಎಸ್‌ಎಂಪಿಎಸ್, 24 ಇಂಚು ಮಾನಿಟರ್. ಒಟ್ಟು 42,000. ಬಿಲ್ ಬೇಕಾದರೆ ಜಿಎಸ್‌ಟಿ ಬೇರೆ.’

ನನ್ನ ಮಿತಿಗಿಂತ ಹದಿನೆಂಟು ಸಾವಿರ ಕಡಿಮೆಗೆ ಐ7 ಸಿಗುತ್ತದೆ ಎಂದಾಗ ಸಂತೋಷಕ್ಕಿಂತ ಅನುಮಾನವೇ ಹೆಚ್ಚಾಯಿತು. ಈ ವಿಷಯ ಬಲ್ಲವರು ದಯವಿಟ್ಟು ತಿಳಿಸಬೇಕು.

ಮಾಟುಂಗಾ ಲೇಬರ್ ಕ್ಯಾಂಪ್

ನಿಮಗೆ ಅನುಮಾನ ಬಂದದ್ದೇ ಒಳ್ಳೆಯದಾಯಿತು. ಆ ಚೀಟಿಯಲ್ಲಿ ಬರೆದದ್ದು ಸುಳ್ಳಲ್ಲ, ಆದರೆ ತಿಳಿಯಬೇಕಾದದ್ದನ್ನೆಲ್ಲ ಬರೆಯದೆ ಬಿಡಲಾಗಿದೆ.

‘ಐ7’ ಎಂಬುದು ಒಂದು ದರ್ಜೆಯ ಹೆಸರೇ ಹೊರತು ಒಂದು ಪ್ರೊಸೆಸರಿನ ಹೆಸರಲ್ಲ. ಅದರ ಮುಂದೆ ನಾಲ್ಕೈದು ಅಂಕಿಗಳ ಸಂಖ್ಯೆ ಇರಲೇಬೇಕು. ಅದು ಯಾವ ತಲೆಮಾರಿನದು ಎಂಬುದು ಆ ಸಂಖ್ಯೆಯಿಂದ ತಿಳಿಯುತ್ತದೆ. ಅಂಗಡಿಯವರು ಸಂಖ್ಯೆ ಬರೆಯದಿದ್ದರೂ ಪಕ್ಕದ ‘ಎಚ್61’ ಗುಟ್ಟನ್ನು ಹೊರಗೆಡವಿದೆ. ಎಚ್61 ಎಂಬುದು ಇಂಟೆಲ್ 2011ರಲ್ಲಿ ತಂದ ಚಿಪ್‌ಸೆಟ್, ಅಂದರೆ ಮದರ್‌ಬೋರ್ಡಿನ ಮುಖ್ಯ ಚಿಪ್ಪು. ಅದಿರುವ ಬೋರ್ಡಿನಲ್ಲಿ ಕೂರುವುದು ಎರಡನೆಯ ಮತ್ತು ಮೂರನೆಯ ತಲೆಮಾರಿನ ಪ್ರೊಸೆಸರುಗಳು ಮಾತ್ರ. ಅಂದರೆ ನಿಮಗೆ ತೋರಿಸಿದ ಐ7 ಎಷ್ಟೇ ಹೊಸದೆಂದರೂ 2012ರದ್ದು, ಯಾವುದೋ ಕಚೇರಿಯ ಹಳೆಯ ಕಂಪ್ಯೂಟರಿನಿಂದ ಬಿಚ್ಚಿ ತೆಗೆದದ್ದು. ಇಂದಿನ ನಾಲ್ಕು ಕೋರಿನ ಐ3-12100ಎಫ್ ಅದನ್ನು ಸುಲಭವಾಗಿ ಹಿಂದೆ ಹಾಕುತ್ತದೆ. ಆ ಬೋರ್ಡಿಗೆ ಹಾಕುವ ರ‍್ಯಾಮ್ ಕೂಡ ಡಿಡಿಆರ್3 ಆದ್ದರಿಂದ, ಮುಂದೆ ಬೋರ್ಡ್ ಬದಲಿಸಿದರೆ ಆ 16 ಜಿಬಿಯಲ್ಲಿ ಒಂದು ತುಂಡೂ ಕೆಲಸಕ್ಕೆ ಬಾರದು.

ವೇಗದ ಮಾತು ಹಾಗಿರಲಿ, ಇನ್ನೂ ದೊಡ್ಡ ತೊಡಕು ವಿಂಡೋಸ್‌ನದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಆದರೆ ಎಂಟನೆಯ ತಲೆಮಾರು ಅಥವಾ ಅದಕ್ಕಿಂತ ಹೊಸದು ಬೇಕು. ಅಡ್ಡದಾರಿಯಲ್ಲಿ ಹಳೆಯ ಯಂತ್ರಕ್ಕೂ ವಿಂಡೋಸ್ 11 ಹಾಕಿಕೊಡುವವರು ಇದ್ದಾರೆ, ನಿಜ. ಆದರೆ ವ್ಯಾಲೊರಂಟ್‌ನ ಕಾವಲುಗಾರ ತಂತ್ರಾಂಶವಾದ ವ್ಯಾನ್‌ಗಾರ್ಡ್, ವಿಂಡೋಸ್ 11ರಲ್ಲಿ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ (ನಂಬಿಕಸ್ಥ ತಂತ್ರಾಂಶದಿಂದಲೇ ಕಂಪ್ಯೂಟರ್ ಶುರುವಾಗುವಂತೆ ನೋಡಿಕೊಳ್ಳುವ ವ್ಯವಸ್ಥೆ) ಎರಡೂ ಚಾಲೂ ಇಲ್ಲದಿದ್ದರೆ ಆಟವನ್ನೇ ತೆರೆಯಗೊಡುವುದಿಲ್ಲ. ನಿಮ್ಮ ಮಗ ಮೊದಲ ದಿನವೇ ಆಡಬೇಕೆಂದುಕೊಂಡಿರುವ ಆಟವೇ ಹೀಗೆ ಬಾಗಿಲು ಹಾಕಿಕೊಂಡೀತು.

ಇನ್ನು ‘4 ಜಿಬಿ ಗ್ರಾಫಿಕ್ಸ್ ಕಾರ್ಡ್’. ಇಲ್ಲಿಯೂ ಹೆಸರಿಲ್ಲ. ಇಂಥ ಚೀಟಿಗಳಲ್ಲಿ ಸಾಮಾನ್ಯವಾಗಿ ಇರುವುದು 2014ರ ಜಿಟಿ 730. ಅದರಲ್ಲಿ 4 ಜಿಬಿ ಮೆಮೊರಿ ಇದ್ದರೂ ಆ ಮೆಮೊರಿಯೂ ನಿಧಾನ, ಅದನ್ನು ಬಳಸುವ ಚಿಪ್ಪೂ ದುರ್ಬಲ. ಕಾರ್ಡಿನ ಶಕ್ತಿಯನ್ನು ಅಳೆಯಬೇಕಾದದ್ದು ಅದರ ಮಾದರಿಯ ಹೆಸರಿನಿಂದ, ಜಿಬಿಯಿಂದಲ್ಲ. ಹಳೆಯ ಕಾರ್ಡಿನ ಬಯಾಸ್ (ಒಳಗೇ ತುಂಬಿರುವ ಮೂಲ ತಂತ್ರಾಂಶ) ತಿದ್ದಿ ಅದಕ್ಕೆ ಜಿಟಿಎಕ್ಸ್ 1050 ಟಿಐ ಎಂದು ಹೆಸರಿಟ್ಟು ಮಾರುವ ವಂಚನೆಯೂ ಇದೆ. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶವನ್ನು ಅಂಗಡಿಯಲ್ಲೇ ಓಡಿಸಿದರೆ ಅಂಥವುಗಳಲ್ಲಿ ಬಹುಪಾಲನ್ನು ಅದು ನಕಲಿ ಎಂದು ಬರೆದೇ ತೋರಿಸುತ್ತದೆ.

ಬಿಲ್ಲಿನ ವಿಷಯದಲ್ಲಿ ಮಾತ್ರ ರಾಜಿ ಬೇಡ. ಕಂಪ್ಯೂಟರ್ ಭಾಗಗಳಿಗೂ ಈ ಅಳತೆಯ ಮಾನಿಟರಿಗೂ ಜಿಎಸ್‌ಟಿ 18 ಪ್ರತಿಶತ. ಅವರ 42,000ಕ್ಕೆ ಅದನ್ನು ಸೇರಿಸಿದರೆ 49,560 ಆಗುತ್ತದೆ. ನಿಮಗೆ ಕಂಡ ಹದಿನೆಂಟು ಸಾವಿರದ ಉಳಿತಾಯ ಅಲ್ಲಿಗೇ ಹತ್ತೂವರೆ ಸಾವಿರಕ್ಕಿಳಿಯಿತು. ಕಚ್ಚಾ ಬಿಲ್ಲಿನಲ್ಲಿ ತೆರಿಗೆ ಉಳಿಯಬಹುದು, ವಾರಂಟಿ ಉಳಿಯುವುದಿಲ್ಲ. ಪಕ್ಕಾ ಬಿಲ್ಲಿನಲ್ಲಿ ಪ್ರತಿಯೊಂದು ಭಾಗದ ಪೂರ್ಣ ಮಾದರಿ ಸಂಖ್ಯೆಯನ್ನೂ ಸೀರಿಯಲ್ ನಂಬರನ್ನೂ ಬರೆಸಿಕೊಳ್ಳಿ.

ಕೊನೆಗೆ ಬಿಜಿಎಂಐ: ಅದು ಫೋನಿಗಾಗಿಯೇ ಇರುವ ಆಟ, ಕಂಪ್ಯೂಟರಿಗೆ ಅದರ ಅಧಿಕೃತ ಆವೃತ್ತಿ ಇಲ್ಲ. ಅದೇ ಬಗೆಯ ಪಬ್‌ಜಿ ಬ್ಯಾಟಲ್‌ಗ್ರೌಂಡ್ಸ್ 2022ರ ಜನವರಿಯಿಂದ ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಲ್ಲಿ ಉಚಿತವಾಗಿದೆ. ಅದು ಮೊಬೈಲ್ ಆಟಕ್ಕಿಂತ ಬಹಳ ಭಾರವಾದದ್ದು ಎಂಬುದನ್ನು ಮಗನಿಗೆ ಮೊದಲೇ ಹೇಳಿಡಿ.

ಮುಲುಂಡ್ ಚೆಕ್‌ನಾಕಾ

ಮಾಟುಂಗಾದವರು ಚೀಟಿಯ ದೋಷಗಳನ್ನು ಹೇಳಿದ್ದಾರೆ. ಹಾಗಾದರೆ ಅದರ ಬದಲು ಏನು ಬರೆಸಬೇಕು ಎಂಬುದನ್ನು ನಾನು ಹೇಳುತ್ತೇನೆ.

ಗೇಮಿಂಗ್ ಕಂಪ್ಯೂಟರಿನ ಲೆಕ್ಕವನ್ನು ಪ್ರೊಸೆಸರಿನಿಂದಲ್ಲ, ಗ್ರಾಫಿಕ್ಸ್ ಕಾರ್ಡಿನಿಂದ ಆರಂಭಿಸಬೇಕು. ನಿಮ್ಮ ಅರವತ್ತು ಸಾವಿರದಲ್ಲಿ ಸುಮಾರು ಮೂರನೆಯ ಒಂದು ಭಾಗವನ್ನು ಅದಕ್ಕೆಂದೇ ಎತ್ತಿಡಿ. ಈ ಮಟ್ಟದಲ್ಲಿ ನಾನು ಮೊದಲು ಕೇಳುವುದು ಎಎಂಡಿಯ ಆರ್‌ಎಕ್ಸ್ 6600. ಅದು 2021ರದ್ದಾದರೂ 8 ಜಿಬಿ ಮೆಮೊರಿ ಇದೆ, ಬಳಸುವುದು 132 ವಾಟ್ ಮಾತ್ರ, ಮತ್ತು 1080ಪಿ ಮಾನಿಟರಿನಲ್ಲಿ ನೀವು ಹೆಸರಿಸಿದ ಆಟಗಳಿಗೆಲ್ಲ ಧಾರಾಳವಾಗಿ ಸಾಕು. ಅದು ಸಿಗದೆ ಅಂಗಡಿಯವರು ‘ಆರ್‌ಟಿಎಕ್ಸ್ 3050 ಇದೆ, ಎನ್‌ವಿಡಿಯಾ ಸಾಹೇಬ್’ ಎಂದರೆ ಒಂದು ಕ್ಷಣ ನಿಲ್ಲಿ. ಆ ಹೆಸರಿನಲ್ಲಿ ಎರಡು ಬೇರೆ ಬೇರೆ ಕಾರ್ಡುಗಳಿವೆ: 2022ರಲ್ಲಿ ಬಂದ 8 ಜಿಬಿಯದು ಒಂದು, 2024ರಲ್ಲಿ ಬಂದ 6 ಜಿಬಿಯದು ಇನ್ನೊಂದು. ಎರಡನೆಯದರಲ್ಲಿ ಕಡಿಮೆಯಾಗಿರುವುದು ಮೆಮೊರಿ ಮಾತ್ರವಲ್ಲ, ಕೋರುಗಳೂ ಕಡಿಮೆ. ಅದಕ್ಕಿರುವ ಒಂದೇ ಅನುಕೂಲವೆಂದರೆ 70 ವಾಟಿನಲ್ಲಿ ಓಡುವುದರಿಂದ ಎಸ್‌ಎಂಪಿಎಸ್‌ನಿಂದ (ಒಳಗಿನ ಭಾಗಗಳಿಗೆಲ್ಲ ವಿದ್ಯುತ್ ಕೊಡುವ ಪೆಟ್ಟಿಗೆಯಿಂದ) ಪ್ರತ್ಯೇಕ ತಂತಿ ಬೇಡ. 8 ಜಿಬಿಯ 3050 ಕೂಡ ವೇಗದಲ್ಲಿ 6600ರ ಹಿಂದೆಯೇ ಉಳಿಯುತ್ತದೆ. ಆರ್‌ಎಕ್ಸ್ 6500 ಎಕ್ಸ್‌ಟಿ ಎಂಬುದನ್ನು ಅಗ್ಗವೆಂದು ತೋರಿಸಿದರೆ ಬೇಡವೆನ್ನಿ; ಅದು ಬೋರ್ಡಿನೊಂದಿಗೆ ನಾಲ್ಕೇ ಲೇನುಗಳಲ್ಲಿ (ದತ್ತಾಂಶ ಹರಿಯುವ ದಾರಿಗಳಲ್ಲಿ) ಮಾತನಾಡುವುದರಿಂದ, ಪಿಸಿಐಇ ಎಂಬ ಆ ಸಂಪರ್ಕದ ಹಳೆಯ 3.0 ಆವೃತ್ತಿ ಇರುವ ಬೋರ್ಡಿನಲ್ಲಿ ಇನ್ನಷ್ಟು ಸೋಲುತ್ತದೆ.

ಪ್ರೊಸೆಸರಿಗೆ ಎರಡು ದಾರಿಗಳಿವೆ. ಎಎಂಡಿಯಲ್ಲಿ ರೈಜೆನ್ 5 5600, ಆರು ಕೋರು, ಹನ್ನೆರಡು ಥ್ರೆಡ್, 65 ವಾಟ್; ಇಂಟೆಲ್‌ನಲ್ಲಿ ಐ5-12400ಎಫ್, ಕೈ ಬಿಗಿಯಾದರೆ ಐ3-12100ಎಫ್. ಕೊನೆಯ ‘ಎಫ್’ ಅಕ್ಷರ ಇದ್ದರೆ ಪ್ರೊಸೆಸರಿನೊಳಗೆ ಗ್ರಾಫಿಕ್ಸ್ ಇಲ್ಲವೆಂದು ಅರ್ಥ. ಅಂಥದಕ್ಕೆ ಕಾರ್ಡ್ ಹಾಕದೆ ಸ್ವಿಚ್ ಒತ್ತಿದರೆ ಪರದೆಯ ಮೇಲೆ ಏನೂ ಬಾರದು. ಡಬ್ಬದ ಸಮೇತ ಇರುವ ಪ್ರೊಸೆಸರನ್ನೇ ಕೇಳಿ. ಟ್ರೇ ಎಂದು ಕರೆಯುವ ಬಿಡಿ ಪ್ರೊಸೆಸರುಗಳು ಸ್ವಲ್ಪ ಅಗ್ಗ, ಆದರೆ ಅವುಗಳ ಜೊತೆ ಕೂಲರ್ ಬರುವುದಿಲ್ಲ, ತಯಾರಕರ ನೇರ ವಾರಂಟಿಯೂ ಇರುವುದಿಲ್ಲ. 5600 ಆರಿಸಿಕೊಂಡರೆ ಬಿ550 ಬೋರ್ಡ್ ಒಳ್ಳೆಯದು. ಹಳೆಯ ದಾಸ್ತಾನಿನ ಬಿ450 ಕೊಟ್ಟರೆ ಬಯಾಸ್ ಅಪ್‌ಡೇಟ್ ಮಾಡಿ, ಕಂಪ್ಯೂಟರ್ ಚಾಲೂ ಮಾಡಿ ತೋರಿಸಿದ ಮೇಲೆಯೇ ಹಣ ಕೊಡಿ.

ರ‍್ಯಾಮ್ ವಿಷಯದಲ್ಲಿ ಈಗ ಕಾಲ ಕೆಟ್ಟಿದೆ. ಮೆಮೊರಿ ತಯಾರಕರು ಎಐ ಡೇಟಾ ಸೆಂಟರುಗಳ ಕಡೆಗೆ ವಾಲಿದ್ದರಿಂದ 2025ರ ಕೊನೆಯ ತಿಂಗಳುಗಳಲ್ಲಿ ಬೆಲೆ ವಿಪರೀತ ಏರಿತು. ಮೈಕ್ರಾನ್ ಅಂತೂ ಕ್ರೂಶಿಯಲ್ ಹೆಸರಿನ ಗ್ರಾಹಕ ವ್ಯಾಪಾರವನ್ನೇ ನಿಲ್ಲಿಸುವುದಾಗಿ 2025ರ ಡಿಸೆಂಬರಿನಲ್ಲಿ ಘೋಷಿಸಿತು. ಹಳೆಯ ಲೇಖನಗಳಲ್ಲಿ, ವಿಡಿಯೋಗಳಲ್ಲಿ ಕಾಣುವ ರ‍್ಯಾಮ್ ದರವನ್ನು ನಂಬಿಕೊಂಡು ಪೇಟೆಗೆ ಹೋಗಬೇಡಿ. ಡಿಡಿಆರ್4, 3200ರ ವೇಗದ್ದು, 8 ಜಿಬಿಯ ಎರಡು ತುಂಡು ಸಾಕು. ಎಸ್‌ಎಸ್‌ಡಿ ಎನ್‌ವಿಎಂಇ (ಹೆಚ್ಚು ವೇಗದ ಬಗೆ) ಆಗಿರಲಿ. ಈಗ ಒಂದೊಂದು ಆಟವೇ ನೂರು ಜಿಬಿ ದಾಟುವುದರಿಂದ ಸಾಧ್ಯವಾದರೆ 1 ಟಿಬಿ.

ಈಗ ಎಸ್‌ಎಂಪಿಎಸ್. ನಿಮ್ಮ ಚೀಟಿಯಲ್ಲಿ ನನಗೆ ಅತ್ಯಂತ ಭಯ ಹುಟ್ಟಿಸಿದ ಪದ ‘ವಿತ್’. ಕ್ಯಾಬಿನೆಟ್ಟಿನ ಜೊತೆಗೆ ಬರುವ ಎಸ್‌ಎಂಪಿಎಸ್‌ನ ಮೈಮೇಲೆ 450 ಎಂದೋ 500 ಎಂದೋ ದೊಡ್ಡದಾಗಿ ಅಚ್ಚಾಗಿರುತ್ತದೆ. ಪಕ್ಕದ ಚೀಟಿಯಲ್ಲಿ 12 ವೋಲ್ಟಿನ ಸಾಲಿನ ಎದುರು ಎಷ್ಟು ಆಂಪಿಯರ್ ಬರೆದಿದೆ ಎಂದು ಓದಿ, ಅದನ್ನು 12ರಿಂದ ಗುಣಿಸಿ. ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಬಳಸುವುದು ಆ ಸಾಲಿನ ವಿದ್ಯುತ್ತನ್ನೇ. 16 ಆಂಪಿಯರ್ ಎಂದಿದ್ದರೆ ನಿಮ್ಮ ಕೈಗೆ ಬಂದದ್ದು 192 ವಾಟ್. ಹೊರಗಿನ 500 ಬರೀ ಬಣ್ಣದ ಅಕ್ಷರ. ಹೆಸರಾಂತ ತಯಾರಕರ, 80 ಪ್ಲಸ್ ಬ್ರಾಂಜ್ ಎಂಬ ದಕ್ಷತೆಯ ಗುರುತಿರುವ 550 ವಾಟಿನದನ್ನು ಪ್ರತ್ಯೇಕವಾಗಿ ಕೊಳ್ಳಿ. 6600ಕ್ಕೆ ಎಎಂಡಿ ಹೇಳುವುದು 450 ವಾಟ್. ಮೇಲಿನ ನೂರು, ಮುಂದೊಂದು ದಿನ ಇನ್ನೂ ದೊಡ್ಡ ಕಾರ್ಡ್ ಹಾಕುವ ಆಸೆಗೆ.

ಕ್ಯಾಬಿನೆಟ್ ಮುಂಭಾಗದಲ್ಲಿ ಗಾಜಿಗಿಂತ ಜಾಲರಿ ಇರಲಿ. ಬಣ್ಣದ ದೀಪಗಳಿಗೆ ಹಣ ಸುರಿದು ಕಾರ್ಡಿನಲ್ಲಿ ಉಳಿಸುವುದೆಂದರೆ ಮೂಗಿಗಿಂತ ಮೂಗುತಿ ಭಾರವಾದಂತೆ.

ಪಿಂಪ್ರಿ ಚಿಂಚ್‌ವಡ್

ಮುಲುಂಡಿನ ಮಿತ್ರರು ಹೇಳಿದ ಯಾದಿಯಲ್ಲಿ ದೋಷವಿಲ್ಲ. ಆದರೂ ಒಂದು ಭಿನ್ನಾಭಿಪ್ರಾಯವನ್ನು ಮುಂದಿಡುತ್ತೇನೆ. ಹುಡುಗ ಕಂಪ್ಯೂಟರ್ ಆಟಕ್ಕೆ ಹೊಸಬ. ಅವನ ಆಸಕ್ತಿ ಎಷ್ಟು ದಿನದ್ದೆಂದು ಯಾರಿಗೂ ತಿಳಿಯದು. ಕಾರ್ಡನ್ನು ಸದ್ಯಕ್ಕೆ ಬಿಟ್ಟು, ಒಳಗೇ ಗ್ರಾಫಿಕ್ಸ್ ಇರುವ ಪ್ರೊಸೆಸರ್ ಕೊಂಡರೆ ಹದಿನೈದಿಪ್ಪತ್ತು ಸಾವಿರ ಕೈಯಲ್ಲಿ ಉಳಿಯುತ್ತದೆ. ರೈಜೆನ್ 5 5600ಜಿ ಇಂಥದ್ದು. ವ್ಯಾಲೊರಂಟ್‌ನಲ್ಲಿ ಅದು ಸೆಕೆಂಡಿಗೆ ನೂರು ಫ್ರೇಮ್ ದಾಟುತ್ತದೆ, ಜಿಟಿಎ 5 ಸಾಧಾರಣ ಸೆಟ್ಟಿಂಗಿನಲ್ಲಿ ಆಡುವಂತಿರುತ್ತದೆ. ಇನ್ನೂ ಮುಂದೆ ನೋಡುವುದಾದರೆ 2024ರ ಆರಂಭದಲ್ಲಿ ಬಂದ 8600ಜಿ ಇದೆ. ಅದು ಎಎಂ5 ಸಾಕೆಟ್ಟಿನದು (ಸಾಕೆಟ್ ಎಂದರೆ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ). ಆ ಸಾಕೆಟ್ಟನ್ನು 2027ರವರೆಗೂ ಅದರಾಚೆಗೂ ಮುಂದುವರಿಸುವುದಾಗಿ ಎಎಂಡಿ ಹೇಳಿದೆ. ಕಾಲೇಜಿನ ಎರಡನೆಯ ವರ್ಷದಲ್ಲಿ ಆಸಕ್ತಿ ಉಳಿದಿದ್ದರೆ ಆಗ ಒಳ್ಳೆಯ ಕಾರ್ಡ್ ಹಾಕಿಸಬಹುದು.

ಮುಲುಂಡ್ ಚೆಕ್‌ನಾಕಾ

ತಮ್ಮ ವಾದವನ್ನು ಒಂದು ವರ್ಷದ ಹಿಂದೆ ಆಗಿದ್ದರೆ ನಾನೂ ಒಪ್ಪುತ್ತಿದ್ದೆ. ಈಗ ಅಡ್ಡ ಬಂದಿರುವುದು ರ‍್ಯಾಮ್ ಬೆಲೆಯೇ. ಎಎಂ5ಕ್ಕೆ ಡಿಡಿಆರ್5 ಬಿಟ್ಟರೆ ಬೇರೆ ಆಗದು. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲದಿರುವುದರಿಂದ ಅದು ಅದೇ ರ‍್ಯಾಮಿನಲ್ಲಿ ಪಾಲು ಪಡೆಯುತ್ತದೆ. ಎರಡು ತುಂಡು ಹಾಕದೆ ಒಂದೇ ತುಂಡಿನಲ್ಲಿ ಸುಧಾರಿಸಿದರೆ ಆಟದ ವೇಗ ಬಹಳಷ್ಟು ಕುಸಿಯುತ್ತದೆ. ಕಾರ್ಡಿನಲ್ಲಿ ಉಳಿಸಿದ್ದರಲ್ಲಿ ಒಂದು ಪಾಲು ಹೀಗೆ ರ‍್ಯಾಮಿಗೇ ಹೋಗುತ್ತದೆ. 5600ಜಿಗೆ ಈ ಕಷ್ಟ ಸ್ವಲ್ಪ ಕಡಿಮೆ, ಆದರೆ ಅದರಲ್ಲಿ ಎಲ್3 ಕ್ಯಾಶ್ (ಪ್ರೊಸೆಸರಿನೊಳಗಿನ ವೇಗದ ಮೆಮೊರಿ) 16 ಎಂಬಿ ಮಾತ್ರ, 5600ರಲ್ಲಿ 32 ಎಂಬಿ. ಜೊತೆಗೆ ಅದು ಪಿಸಿಐಇ 3.0ಕ್ಕೇ ನಿಲ್ಲುತ್ತದೆ. ಮುಂದೆ ಕಾರ್ಡ್ ಹಾಕಿದ ದಿನ ಅದೇ ಹಿಂದೆಳೆಯುತ್ತದೆ. ಹುಡುಗ ವ್ಯಾಲೊರಂಟ್ ಒಂದನ್ನೇ ಆಡುವವನಾದರೆ ತಾವು ಹೇಳಿದ್ದು ಸರಿ. ಪಬ್‌ಜಿ ಆಡಬೇಕೆನ್ನುವವನಿಗೆ ಕಾರ್ಡ್ ಇಂದೇ ಬೇಕು.

ವಸಾಯಿ ಪಶ್ಚಿಮ

ಭಾಗಗಳ ಚರ್ಚೆಯ ನಡುವೆ ಕರೆಂಟಿನ ಮಾತು ಮರೆತೇಹೋಗಿದೆ. ಡೊಂಬಿವಲಿಯಿರಲಿ, ವಸಾಯಿಯಿರಲಿ, ಮಳೆಗಾಲದಲ್ಲಿ ವಿದ್ಯುತ್ ಹೋಗಿ ಬಂದು ಮಾಡುವುದು ಎಲ್ಲರಿಗೂ ಗೊತ್ತು. ಈ ಕಂಪ್ಯೂಟರ್ ಆಟದ ಸಮಯದಲ್ಲಿ ಮಾನಿಟರ್ ಸೇರಿ ಸುಮಾರು 250ರಿಂದ 300 ವಾಟ್ ಎಳೆಯುತ್ತದೆ. 600 ವಿಎ ಎಂದು ಮಾರುವ ಸಾಮಾನ್ಯ ಯುಪಿಎಸ್ ಕೊಡುವುದು 360 ವಾಟ್. ಅಷ್ಟು ಅಂಚಿಗೆ ನಿಲ್ಲಿಸುವುದಕ್ಕಿಂತ 1000 ವಿಎ ಒಳ್ಳೆಯದು. ಇನ್ನೊಂದು ಸೂಕ್ಷ್ಮವಿದೆ. ಒಳ್ಳೆಯ ಎಸ್‌ಎಂಪಿಎಸ್‌ಗಳಲ್ಲಿ ಆ್ಯಕ್ಟಿವ್ ಪಿಎಫ್‌ಸಿ ಎಂಬ, ವಿದ್ಯುತ್ತನ್ನು ಹದವಾಗಿ ಎಳೆಯುವ ವ್ಯವಸ್ಥೆ ಇರುತ್ತದೆ. ಅಗ್ಗದ ಯುಪಿಎಸ್ ಬ್ಯಾಟರಿಗೆ ಬದಲಾಗುವಾಗ ಕೊಡುವ ಚೌಕಾಕಾರದ ಅಲೆಯನ್ನು ಅವುಗಳಲ್ಲಿ ಕೆಲವು ಸಹಿಸದೆ ಕಂಪ್ಯೂಟರನ್ನೇ ಆರಿಸಿಬಿಡುತ್ತವೆ. ಸಾಧ್ಯವಾದರೆ ಸೈನ್ ವೇವ್ (ಮನೆಯ ವಿದ್ಯುತ್ತಿನಂಥ ನಯವಾದ ಅಲೆ) ಇರುವುದನ್ನು ಕೇಳಿ. ಅದು ಈ ತಿಂಗಳ ಲೆಕ್ಕದಲ್ಲಿ ಹಿಡಿಸದಿದ್ದರೆ ಮುಂದಿನ ತಿಂಗಳಾದರೂ ಆಗಬಹುದು. ಆದರೆ ಗೋಡೆಯ ಪ್ಲಗ್ಗಿನಲ್ಲಿ ಅರ್ತಿಂಗ್ ಸರಿಯಿದೆಯೇ ಎಂಬುದನ್ನು ಎಲೆಕ್ಟ್ರಿಶಿಯನ್ ಕರೆಸಿ ಇಂದೇ ನೋಡಿಸಿ. ಕ್ಯಾಬಿನೆಟ್ಟನ್ನು ಕೈಯಿಂದ ಮುಟ್ಟಿದಾಗ ಜುಂ ಎಂದರೆ ದೋಷ ಹೆಚ್ಚಾಗಿ ಪ್ಲಗ್ಗಿನಲ್ಲೇ ಇರುತ್ತದೆ.

ನೆಲದ ಮೇಲೆ ಇಡಬೇಡಿ. ಧೂಳು, ತೇವ ಎರಡೂ ಮೊದಲು ಸೇರುವುದು ಅಲ್ಲಿಯೇ. ಜೂನ್‌ನಿಂದ ಸೆಪ್ಟೆಂಬರಿನವರೆಗೆ, ಪರೀಕ್ಷೆ ಎಂದು ಆಟ ನಿಲ್ಲಿಸಿದ ದಿನಗಳಲ್ಲಿಯೂ, ಆಗಾಗ ಸ್ವಲ್ಪ ಹೊತ್ತು ಚಾಲೂ ಮಾಡಿಡುವುದು ಒಳ್ಳೆಯದು. ಒಳಗಿನ ಬಿಸಿಗೆ ತೇವ ಆರುತ್ತದೆ.

ಡೊಂಬಿವಲಿ ಪೂರ್ವ

ಎಲ್ಲರಿಗೂ ಕೃತಜ್ಞತೆಗಳು. ಆ ಚೀಟಿಯನ್ನು ಕೈಬಿಟ್ಟಿದ್ದೇನೆ. ಇನ್ನೆರಡು ಸಂಶಯಗಳಿವೆ. ಅದೇ ರಸ್ತೆಯಲ್ಲಿ ಬಳಸಿದ ಆರ್‌ಎಕ್ಸ್ 580 ಕಾರ್ಡನ್ನು ಬಹಳ ಕಡಿಮೆ ಬೆಲೆಗೆ ತೋರಿಸಿದರು. ಅದನ್ನು ತೆಗೆದುಕೊಂಡು ಉಳಿದ ಹಣವನ್ನು ಮಾನಿಟರಿಗೆ ಹಾಕಬಹುದೇ? ಅಂಗಡಿಯವರೇ ಜೋಡಿಸಿಕೊಟ್ಟ ಮೇಲೆ ಮನೆಯಲ್ಲಿ ನಾನು ನೋಡಬೇಕಾದದ್ದೇನಾದರೂ ಇದೆಯೇ?

ಮಾಟುಂಗಾ ಲೇಬರ್ ಕ್ಯಾಂಪ್

580 ಬೇಡ. ಅಂಥ ಕಾರ್ಡುಗಳಲ್ಲಿ ಅನೇಕವು ಈಥೀರಿಯಂ ಎಂಬ ಡಿಜಿಟಲ್ ಹಣದ ಮೈನಿಂಗ್‌ನಲ್ಲಿ ಹಗಲಿರುಳು ದುಡಿದು, 2022ರ ಸೆಪ್ಟೆಂಬರಿನಲ್ಲಿ ಆ ಮೈನಿಂಗ್ ನಿಂತಾಗ ಪೇಟೆಗೆ ಬಂದವು. ಅದಲ್ಲದೆ ಅದೇ ಹೆಸರಿನಲ್ಲಿ 2304 ಸ್ಟ್ರೀಮ್ ಪ್ರೊಸೆಸರಿನ (ಕಾರ್ಡಿನೊಳಗಿನ ಸಣ್ಣ ಲೆಕ್ಕದ ಘಟಕಗಳ) ಅಸಲು ಕಾರ್ಡೂ ಇದೆ, 2048ರ ಕುಂಠಿತ ಕಾರ್ಡೂ ಇದೆ; ಹೊರಗಿನಿಂದ ನೋಡಿ ಹೇಳುವುದು ಹೊಸಬರಿಗೆ ಕಷ್ಟ. ಬಳಸಿದ್ದನ್ನು ಕೊಳ್ಳಲೇಬೇಕೆಂದರೆ ಮಾನಿಟರ್, ಕ್ಯಾಬಿನೆಟ್ ಕೊಳ್ಳಿ. ಕಾರ್ಡ್, ಎಸ್‌ಎಂಪಿಎಸ್ ಎರಡೂ ಹೊಸದೇ ಇರಲಿ. ಮಾನಿಟರ್ 24 ಇಂಚಿನ 1080ಪಿ, ಐಪಿಎಸ್ ಪರದೆಯದು, 100 ಹರ್ಟ್ಸ್ ಅಥವಾ ಹೆಚ್ಚು ಇದ್ದರೆ ಸಾಕು.

ಮನೆಗೆ ತಂದ ಮೇಲೆ ಮಾನಿಟರಿನ ಕೇಬಲ್ ಎಲ್ಲಿ ಸಿಕ್ಕಿಸಿದೆ ಎಂದು ಮೊದಲು ನೋಡಿ. ಹಿಂಭಾಗದಲ್ಲಿ ಮೇಲಿರುವ, ಯುಎಸ್‌ಬಿ ಸಾಲಿನ ಪಕ್ಕದ ಕಿಂಡಿ ಮದರ್‌ಬೋರ್ಡಿನದು; ಅದರ ಕೆಳಗೆ ಅಡ್ಡಲಾಗಿರುವುದು ಕಾರ್ಡಿನದು. ಕೇಬಲ್ ಕೆಳಗಿನದಕ್ಕೇ ಹೋಗಬೇಕು. ವಿಂಡೋಸ್ ಹಲವು ಸಲ ಮಾನಿಟರನ್ನು 60 ಹರ್ಟ್ಸ್‌ಗೇ ಬಿಟ್ಟಿರುತ್ತದೆ, ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಬದಲಿಸಿ. ನಾಲ್ಕು ಸ್ಲಾಟುಗಳ ಬೋರ್ಡಿನಲ್ಲಿ ರ‍್ಯಾಮಿನ ಎರಡು ತುಂಡುಗಳು ಪ್ರೊಸೆಸರಿನ ಕಡೆಯಿಂದ ಎಣಿಸಿದಾಗ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿನಲ್ಲಿರಬೇಕು. ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ವೇಗ 3200 ಎಂದು ತೋರಿಸದೆ 2133 ಅಥವಾ 2400 ಎಂದು ತೋರಿಸಿದರೆ ಬಯಾಸ್‌ನಲ್ಲಿ ಎಕ್ಸ್‌ಎಂಪಿ (ರ‍್ಯಾಮನ್ನು ಅದರ ಪೂರ್ಣ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಚಾಲೂ ಮಾಡಿಲ್ಲವೆಂದು ಅರ್ಥ. ಕೆಲವು ಬೋರ್ಡುಗಳಲ್ಲಿ ಅದನ್ನೇ ಡಿಒಸಿಪಿ ಎಂದು ಬರೆದಿರುತ್ತಾರೆ. ಬಯಾಸ್ ತೆರೆದಾಗ ಟಿಪಿಎಂ ಮತ್ತು ಸೆಕ್ಯೂರ್ ಬೂಟ್ ಕೂಡ ಚಾಲೂ ಇವೆಯೇ ಎಂದು ನೋಡಿಬಿಡಿ, ವ್ಯಾಲೊರಂಟ್‌ಗೆ ಬೇಕಾಗುತ್ತದೆ.

ಮುಲುಂಡ್ ಚೆಕ್‌ನಾಕಾ

ತರುವ ದಿನ ಸಂಜೆಯ ಗರ್ದಿಗೆ ಮೊದಲೇ ಹೊರಡಿ. ದಾದರಿನಲ್ಲಿ ಗಾಡಿ ಬದಲಿಸುವಾಗ ಕ್ಯಾಬಿನೆಟ್ಟಿನ ಡಬ್ಬ, ಮಾನಿಟರಿನ ಡಬ್ಬ ಎರಡನ್ನೂ ಒಬ್ಬರೇ ಹಿಡಿಯಲಾಗದು. ಮಗನನ್ನು ಕರೆದುಕೊಂಡು ಹೋಗಿ, ಲಗೇಜ್ ಡಬ್ಬಿಯಲ್ಲಿ ಹತ್ತಿ. ಕಾರ್ಡನ್ನು ಅಂಗಡಿಯಲ್ಲಿ ಹಾಕಿ ಪರೀಕ್ಷಿಸಿದ ಮೇಲೆ ಬಿಚ್ಚಿಸಿ ಅದರದೇ ಡಬ್ಬದಲ್ಲಿ ತನ್ನಿ, ದಾರಿಯ ಕುಲುಕಾಟಕ್ಕೆ ಸ್ಲಾಟ್ ಮುರಿಯುವ ಸಂಭವವಿರುತ್ತದೆ. ಮನೆಯಲ್ಲಿ ಮತ್ತೆ ಸಿಕ್ಕಿಸಿ, ಎಸ್‌ಎಂಪಿಎಸ್‌ನ ಎಂಟು ಪಿನ್ನಿನ ತಂತಿಯನ್ನು ಅದಕ್ಕೆ ಕೊಡಲು ಮರೆಯಬೇಡಿ. ಎಲ್ಲ ಡಬ್ಬಗಳನ್ನೂ ವಾರಂಟಿ ಮುಗಿಯುವವರೆಗೆ ಮಾಳಿಗೆಯ ಮೇಲೆ ಇಟ್ಟಿರಿ.